‘ಎಲ್ಲಾ ಬೇಕು’ ಎನ್ನುವವರ ಮೌಲ್ಯಗಳನ್ನು ಅಳೆಯಲು ಹೊರಟಾಗ

ಮನಶ್ಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ‘ಮೌಲ್ಯ ಮತ್ತು ನಡವಳಿಕೆ’ಯನ್ನು ಆರಿಸಿಕೊಂಡಿದ್ದೇನೆ ಎಂದು ಮನೆಯಲ್ಲಿ ಹೇಳಿದಾಗ ಸೋದರಮಾವ ತಕ್ಷಣ ಅಂದರು: “ಅದರಲ್ಲಿ ಸಂಶೋಧನೆ ಮಾಡೋಕೆ ಏನಿದೆಯಮ್ಮಾ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.” ಜನ ಹೇಳುವುದಕ್ಕೂ ಮಾಡುವುದಕ್ಕೂ ಸಂಬಂಧವಿಲ್ಲ ಎಂಬ ಈ ನಂಬಿಕೆ ಮಾವನೊಬ್ಬರದಲ್ಲ. ಊರಿನ ಕಟ್ಟೆಯ ಮೇಲೂ ಕಾಲೇಜಿನ ಸ್ಟಾಫ್ ರೂಮಿನಲ್ಲೂ ಅದನ್ನೇ ಕೇಳಿದ್ದೇನೆ. ಅದು ಪೂರ್ತಿ ನಿಜವಲ್ಲ ಎಂದು ನನಗೆ ಮೊದಲಿಂದಲೂ ಅನ್ನಿಸುತ್ತಿತ್ತು. ಆದರೆ ಅನ್ನಿಸುವುದು ಬೇರೆ, ತೋರಿಸುವುದು ಬೇರೆ. ತೋರಿಸಬೇಕಾದರೆ ಮೊದಲು ಒಬ್ಬರ ಮೌಲ್ಯ ಯಾವುದು ಎಂದು ತಿಳಿಯುವ ದಾರಿ ಬೇಕು.

ಆ ದಾರಿಯನ್ನು ಹಾಕಿಕೊಟ್ಟವರು ಶಲೋಮ್ ಶ್ವಾರ್ಟ್ಸ್ ಎಂಬ ಸಾಮಾಜಿಕ ಮನೋವಿಜ್ಞಾನಿ. 1936ರಲ್ಲಿ ಅಮೆರಿಕದಲ್ಲಿ ಹುಟ್ಟಿ, 1979ರಲ್ಲಿ ಇಸ್ರೇಲಿಗೆ ಹೋಗಿ ನೆಲೆಸಿ, ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಒಬ್ಬ ಮನುಷ್ಯ ಇನ್ನೊಬ್ಬನ ಕಷ್ಟಕ್ಕೆ ಯಾವಾಗ ಕೈಜೋಡಿಸುತ್ತಾನೆ, ಯಾವಾಗ ನೋಡಿಯೂ ಸುಮ್ಮನಾಗುತ್ತಾನೆ ಎಂಬುದು ಅವರ ಮೊದಮೊದಲ ಪ್ರಶ್ನೆ. ಅಲ್ಲಿಂದ ಅವರು ಮೌಲ್ಯಗಳತ್ತ ಬಂದರು. 1992ರಲ್ಲಿ 20 ದೇಶಗಳ ಮಾಹಿತಿ ಇಟ್ಟುಕೊಂಡು ಪ್ರಕಟಿಸಿದ ದೀರ್ಘ ಲೇಖನದಲ್ಲಿ, ಎಲ್ಲ ಸಮಾಜಗಳಲ್ಲೂ ಗುರುತಿಸಬಹುದಾದ ಹತ್ತು ಮೂಲ ಮೌಲ್ಯಗಳಿವೆ ಎಂದು ವಾದಿಸಿದರು: ಸ್ವಂತ ವಿಚಾರ, ಹೊಸ ಅನುಭವದ ಹಂಬಲ, ಸುಖ, ಸಾಧನೆ, ಅಧಿಕಾರ, ಭದ್ರತೆ, ನಿಯಮಪಾಲನೆ, ಸಂಪ್ರದಾಯ, ತನ್ನವರ ಹಿತ, ಸರ್ವರ ಹಿತ. ಈ ಕನ್ನಡ ಹೆಸರುಗಳು ನನ್ನವು, ಪ್ರಾಜೆಕ್ಟಿನುದ್ದಕ್ಕೂ ನಾವು ಬಳಸಿದ್ದು ಇವನ್ನೇ.

ಪಟ್ಟಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವುಗಳ ಜೋಡಣೆ. ಶ್ವಾರ್ಟ್ಸ್ ಈ ಹತ್ತನ್ನೂ ಒಂದು ವೃತ್ತದಲ್ಲಿ ಕೂರಿಸುತ್ತಾರೆ. ಅಕ್ಕಪಕ್ಕದವು ಒಂದಕ್ಕೊಂದು ಹೊಂದುತ್ತವೆ, ಎದುರುಬದುರಿನವು ಜಗ್ಗಾಡುತ್ತವೆ. ಹಿರಿಯರು ಹಾಕಿಕೊಟ್ಟ ದಾರಿಯಲ್ಲೇ ನಡೆಯಬೇಕು ಎನ್ನುವವರಿಗೆ ಹೊಸ ಅನುಭವದ ಹಂಬಲ ಸಾಮಾನ್ಯವಾಗಿ ಕಡಿಮೆ. ಎಲ್ಲರ ಮೇಲೆ ಹಿಡಿತ ಬೇಕೆನ್ನುವವರಿಗೆ ಸರ್ವರ ಹಿತ ಹಿಂದಕ್ಕೆ ಸರಿಯುತ್ತದೆ. ಇಡೀ ಸಿದ್ಧಾಂತ ನಿಂತಿರುವುದು ಈ ಜಗ್ಗಾಟದ ಮೇಲೆ. ಒಂದು ಮೌಲ್ಯ ನಿಮಗೆ ಎಷ್ಟು ಇಷ್ಟ ಎಂದು ಅದು ಕೇಳುವುದಿಲ್ಲ. ಅದಕ್ಕಾಗಿ ಯಾವುದನ್ನು ಹಿಂದೆ ಸರಿಸುತ್ತೀರಿ ಎಂದು ಕೇಳುತ್ತದೆ.

ಅವರ ಮೊದಲ ಪ್ರಶ್ನಾವಳಿಯಲ್ಲಿ ‘ಸಮಾನತೆ’, ‘ಸ್ವಾತಂತ್ರ್ಯ’ದಂಥ ಮಾತುಗಳ ಉದ್ದನೆಯ ಪಟ್ಟಿ ಇತ್ತು. ಪ್ರತಿಯೊಂದೂ ‘ನನ್ನ ಬಾಳಿಗೆ ದಾರಿ ತೋರುವ ತತ್ವವಾಗಿ’ ಎಷ್ಟು ಮುಖ್ಯ ಎಂದು ಅಂಕ ಕೊಡಬೇಕು. ಓದಿದವರಿಗೇ ಇದು ಕಷ್ಟ, ಶಾಲೆಯ ಅಭ್ಯಾಸ ಹೆಚ್ಚಿಲ್ಲದ ಕಡೆ ಸರಿಯಾಗಿ ನಡೆಯಲಿಲ್ಲ. ಹಾಗಾಗಿ 2001ರ ಹೊತ್ತಿಗೆ ಅವರೂ ಸಹೋದ್ಯೋಗಿಗಳೂ ಇನ್ನೊಂದು ಉಪಾಯ ಮಾಡಿದರು. ಪ್ರತಿ ಪ್ರಶ್ನೆಯಲ್ಲೂ ಯಾರೋ ಒಬ್ಬರ ಚಿತ್ರಣ ಎರಡು ವಾಕ್ಯದಲ್ಲಿ ಇರುತ್ತದೆ. ಆಕೆಗೆ ಇಂಥದ್ದು ಮುಖ್ಯ, ಆಕೆ ಹೀಗೆ ಮಾಡಬಯಸುತ್ತಾಳೆ. ಈ ಹೆಂಗಸು ಎಷ್ಟರಮಟ್ಟಿಗೆ ನಿಮ್ಮ ಹಾಗಿದ್ದಾಳೆ? ‘ನನ್ನ ಹಾಗೇ ಇದ್ದಾಳೆ’ಯಿಂದ ‘ನನ್ನ ಹಾಗೆ ಇಲ್ಲವೇ ಇಲ್ಲ’ದವರೆಗೆ ಆರು ಉತ್ತರ. ಗಂಡಸರಿಗೆ ಗಂಡಸಿನ ಚಿತ್ರಣ, ಹೆಂಗಸರಿಗೆ ಹೆಂಗಸಿನದು. ‘ಮೌಲ್ಯ’ ಎಂಬ ಪದ ಎಲ್ಲೂ ಬರುವುದಿಲ್ಲ. ಇದರದೇ 21 ಚಿತ್ರಣಗಳ ರೂಪವನ್ನು ಯುರೋಪಿನ ಸಾಮಾಜಿಕ ಸಮೀಕ್ಷೆ 2002ರಿಂದ ಬಳಸುತ್ತಿದೆ. ನಮ್ಮ ಗೈಡ್ ಕೂಡ ಅದನ್ನೇ ಆರಿಸಿದರು.

ಕನ್ನಡಕ್ಕೆ ತರುವ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಇಬ್ಬರು ಬೇರೆಬೇರೆಯಾಗಿ ಅನುವಾದಿಸಿದೆವು, ಕೂತು ಒಂದು ಮಾಡಿದೆವು, ಇಂಗ್ಲಿಷ್ ಮೂಲವನ್ನು ನೋಡದ ಮತ್ತೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ಹಾಕಿದರು, ಎರಡನ್ನೂ ಪಕ್ಕಪಕ್ಕ ಇಟ್ಟು ತಿದ್ದಿದೆವು. ಈ ಕ್ಷೇತ್ರದಲ್ಲಿ ಎಲ್ಲರೂ ನಡೆಸುವ ಪದ್ಧತಿ ಇದು. ನಮ್ಮ ಕಡೆಯಿಂದ ಸೇರಿಸಿದ್ದು ಒಂದೇ. ಪ್ರತಿ ಚಿತ್ರಣವನ್ನೂ ಗಟ್ಟಿಯಾಗಿ ಓದಿ, ಒಂದೇ ಉಸಿರಿಗೆ ಹೇಳಿದರೆ ಕೇಳುವವರಿಗೆ ಅರ್ಥವಾಗುವಂತಿರಬೇಕು ಎಂದು ಗೈಡ್ ಪಟ್ಟು ಹಿಡಿದರು. ಅವರ ಆ ಹಟಕ್ಕೆ ಇಂದಿಗೂ ನಮಸ್ಕಾರ ಹೇಳುತ್ತೇನೆ, ಏಕೆಂದರೆ ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಫಾರಂ ಓದಿಕೊಂಡು ಗುರುತು ಹಾಕಿದವರು ಬಹಳ ಕಡಿಮೆ. ಹೆಚ್ಚಿನವರಿಗೆ ನಾವು ಓದಿ ಹೇಳಿದೆವು. ಅವರು ಆರು ಚೌಕಗಳಿದ್ದ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದರು.

ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಊರುಗಳವು, ಸುತ್ತ ಕಬ್ಬು, ಭತ್ತ. ಮಧ್ಯಾಹ್ನ ಊಟವಾದ ಮೇಲೆ ಜಗಲಿಗೆ ಬಂದು ಕೂತ ಅಜ್ಜಿಯೊಬ್ಬರು ಮೊದಲ ನಾಲ್ಕೈದು ಚಿತ್ರಣಗಳಿಗೂ ಮೊದಲನೇ ಚೌಕವನ್ನೇ ತೋರಿಸಿದರು. ಸಂಪ್ರದಾಯ ಪಾಲಿಸುವವಳೂ ಅವರ ಹಾಗೆ, ಸ್ವಂತ ಬುದ್ಧಿಯಿಂದ ನಡೆಯುವವಳೂ ಅವರ ಹಾಗೆ, ಭದ್ರತೆ ಬಯಸುವವಳೂ ಅವರ ಹಾಗೆಯೇ. “ಅಜ್ಜಿ, ಎಲ್ಲಾನೂ ಒಂದೇ ಥರ ಹೇಳ್ತಾ ಇದ್ದೀರಲ್ಲ” ಅಂದೆ. “ಎಲ್ಲಾ ಬೇಕು ಕಣವ್ವ. ಯಾವುದ್ನ ಬುಡಕ್ಕಾಯ್ತದೆ?” ಎಂದರು. ಆ ಉತ್ತರವನ್ನು ನಾನು ಫಾರಂನ ಅಂಚಿನಲ್ಲಿ ಬರೆದುಕೊಂಡೆ. ಆ ಮಾತು ಸುಳ್ಳಲ್ಲ. ಮೌಲ್ಯ ಎಂದು ಕರೆಸಿಕೊಳ್ಳುವುದೆಲ್ಲ ಒಳ್ಳೆಯದೇ, ಬೇಡ ಎನ್ನಲು ಕಾರಣವಿಲ್ಲ. ಶ್ವಾರ್ಟ್ಸ್ ಮತ್ತು ಅನತ್ ಬಾರ್ದಿ 2001ರಲ್ಲಿ ಅನೇಕ ದೇಶಗಳ ಮಾಹಿತಿ ಹೋಲಿಸಿದಾಗಲೂ, ಬಹುತೇಕ ಕಡೆ ತನ್ನವರ ಹಿತ, ಸ್ವಂತ ವಿಚಾರ ಮತ್ತು ಸರ್ವರ ಹಿತ ಮೇಲಿನ ಸಾಲಿನಲ್ಲಿದ್ದವು, ಅಧಿಕಾರ ಕೆಳಗಿತ್ತು. ದೇಶದೇಶಗಳ ನಡುವೆ ನಾವು ಅಂದುಕೊಳ್ಳುವಷ್ಟು ದೂರವಿಲ್ಲ. ಈ ಸಂಗತಿ ನಮ್ಮಲ್ಲಿ ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗಬೇಕು.

ಖಾಸಗಿಯಾಗಿ ಕೇಳುವುದು ಹಳ್ಳಿಯಲ್ಲಿ ದೊಡ್ಡ ಕೆಲಸ. ಹೆಂಗಸರಿಗೆ ಪ್ರಶ್ನೆ ಓದಿದರೆ ಒಳಗಿನಿಂದ ಗಂಡನ ಉತ್ತರ ಬರುತ್ತಿತ್ತು. ಪಕ್ಕದ ಮನೆಯವರು ಬಂದು ನಿಂತು, “ಅವಳು ಹಂಗಲ್ಲ, ಎರಡನೇದ್ರಲ್ಲಿ ಹಾಕಮ್ಮ” ಎಂದು ತಿದ್ದುತ್ತಿದ್ದರು. ಇದಕ್ಕೆ ನಾವು ಕಂಡುಕೊಂಡ ದಾರಿ ಇಷ್ಟು: ಇಬ್ಬಿಬ್ಬರಾಗಿ ಹೋಗುವುದು, ಒಬ್ಬರು ಗುಂಪಿನ ಜೊತೆ ಬೆಳೆ, ಮಳೆ, ಮಕ್ಕಳ ಓದು ಮಾತಾಡುತ್ತ ಕೂರುವುದು, ಇನ್ನೊಬ್ಬರು ಹಿತ್ತಿಲಲ್ಲಿ ಸೊಪ್ಪು ಬಿಡಿಸುತ್ತ ಕೂತವರ ಪಕ್ಕ ಕೂತು ಕೇಳುವುದು. ಹಿತ್ತಿಲಿನ ಉತ್ತರಗಳು ಜಗಲಿಯ ಉತ್ತರಗಳಿಗಿಂತ ನಿಧಾನವಾಗಿ ಬಂದವು, ಬೆರಳು ಕಾರ್ಡಿನ ಬೇರೆಬೇರೆ ಚೌಕಗಳಿಗೂ ಹೋಯಿತು.

ಒಂದು ಚಿತ್ರಣ ಎಲ್ಲ ಕಡೆಯೂ ಎಡವಿತು. ಶ್ರೀಮಂತಳಾಗುವುದು ಆಕೆಗೆ ಮುಖ್ಯ, ತುಂಬಾ ದುಡ್ಡು ಮತ್ತು ದುಬಾರಿ ವಸ್ತುಗಳು ಬೇಕು ಎಂಬುದು ಅದು. ಅಧಿಕಾರ ಎಂಬ ಮೌಲ್ಯವನ್ನು ಅಳೆಯಲು ಇಟ್ಟದ್ದು. ಸಂಘದ ಸಾಲ ತೀರಿಸುತ್ತಿದ್ದ ಹೆಂಗಸೊಬ್ಬರು ಕೇಳಿದರು: “ದುಡ್ಡು ಬೇಕು, ಹೆಣ್ಣುಮಗಳ ಕಾಲೇಜ್ ಫೀಸ್ ಕಟ್ಟಬೇಕಲ್ಲ. ದುಬಾರಿ ಸಾಮಾನು ನಮಗ್ಯಾಕೆ? ಈಗ ನಾನು ಎಲ್ಲಿ ಬೆರಳಿಡಲಿ?” ನ್ಯಾಯವಾದ ಪ್ರಶ್ನೆ. ಅವರ ದುಡ್ಡಿನ ಆಸೆ ಭದ್ರತೆಯ ಆಸೆ, ಮಗಳ ಹಿತದ ಆಸೆ. ಅದನ್ನು ಅಧಿಕಾರದ ಲೆಕ್ಕಕ್ಕೆ ಬರೆದರೆ ಅವರಿಗೆ ಅನ್ಯಾಯ ಮಾಡಿದಂತೆ. ಗೈಡ್ ಜೊತೆ ಮಾತಾಡಿ, ಆ ಚಿತ್ರಣವನ್ನು ಇದ್ದ ಹಾಗೇ ಉಳಿಸಿ, ಪಕ್ಕದಲ್ಲಿ ‘ದುಡ್ಡು ಯಾತಕ್ಕೆ’ ಎಂದು ಬಿಡಿಯಾಗಿ ಬರೆದುಕೊಳ್ಳುವ ಜಾಗ ಮಾಡಿದೆವು. ಮೈಸೂರಿನ ಬಡಾವಣೆಗಳಲ್ಲಿ ಅದೇ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಕಾರು, ಸೈಟು ಕಾಣಿಸಿಕೊಂಡವು. ಹಳ್ಳಿಯಲ್ಲಿ ಫೀಸು, ಬೋರ್‌ವೆಲ್, ಆಪರೇಷನ್.

ಫಾರಂಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಆ ಅಜ್ಜಿಯಂಥವರ ಉತ್ತರಗಳಿಗೆ ಏನು ಮಾಡುವುದು ಎಂಬ ಪ್ರಶ್ನೆ ಬಂತು. ಇದಕ್ಕೆ ಶ್ವಾರ್ಟ್ಸ್ ಹೇಳುವ ಲೆಕ್ಕ ಸರಳ, ಅದರ ಹಿಂದಿನ ಯೋಚನೆ ಆಳವಾದದ್ದು. ಪ್ರತಿಯೊಬ್ಬರ ಎಲ್ಲ ಉತ್ತರಗಳ ಸರಾಸರಿ ತೆಗೆದು, ಒಂದೊಂದು ಮೌಲ್ಯದ ಅಂಕದಿಂದಲೂ ಅದನ್ನು ಕಳೆಯಬೇಕು. ‘ನನ್ನ ಹಾಗೇ ಇದ್ದಾಳೆ’ಗೆ 6 ಅಂಕ, ‘ಇಲ್ಲವೇ ಇಲ್ಲ’ಕ್ಕೆ 1. ಉದಾಹರಣೆಗೆ ಒಬ್ಬರ ಸರಾಸರಿ 5.2, ಸಂಪ್ರದಾಯಕ್ಕೆ ಅವರು ಕೊಟ್ಟದ್ದು 5.8 ಎಂದುಕೊಳ್ಳಿ. ಉಳಿಯುವುದು 0.6. ಇನ್ನೊಬ್ಬರು ಕೈ ಬಿಗಿಹಿಡಿದು ಉತ್ತರಿಸುವವರು, ಸರಾಸರಿ 4, ಸಂಪ್ರದಾಯಕ್ಕೆ 4.6. ಅಲ್ಲೂ ಉಳಿಯುವುದು 0.6. ಮೇಲುನೋಟಕ್ಕೆ ಮೊದಲನೆಯವರೇ ದೊಡ್ಡ ಸಂಪ್ರದಾಯಸ್ಥರು. ಆದರೆ ಅವರವರ ಬದುಕಿನೊಳಗೆ ಸಂಪ್ರದಾಯಕ್ಕೆ ಇಬ್ಬರೂ ಕೊಟ್ಟ ಜಾಗ ಒಂದೇ. ಹೀಗೆ ಕಳೆದಾಗ ‘ಎಲ್ಲಾ ಬೇಕು’ ಎಂದವರ ಉತ್ತರದಲ್ಲೂ ಏರಿಳಿತ ಕಾಣುತ್ತದೆ. ಅಜ್ಜಿಗೆ ಕೊನೆಯಲ್ಲಿ ಮೇಲೆ ನಿಂತದ್ದು ಸಂಪ್ರದಾಯವಲ್ಲ, ತನ್ನವರ ಹಿತ. ತೀರಾ ಕೆಳಗಿದ್ದದ್ದು ಹೊಸ ಅನುಭವದ ಹಂಬಲ.

ಸಂಬಂಧಗಳ ನಕ್ಷೆ ಬಿಡಿಸಿದಾಗ ನಮ್ಮದು ಪುಸ್ತಕದಲ್ಲಿದ್ದಷ್ಟು ದುಂಡಗಿನ ವೃತ್ತವಾಗಲಿಲ್ಲ, ಅಷ್ಟು ಚಿಕ್ಕ ಮಾದರಿಯಿಂದ ಅದನ್ನು ನಿರೀಕ್ಷಿಸಲೂಬಾರದು. ಆದರೂ ಎದುರಾಳಿಗಳು ಎದುರೆದುರೇ ನಿಂತಿದ್ದವು. ಸಂಪ್ರದಾಯ ಮತ್ತು ನಿಯಮಪಾಲನೆ ಒಂದಕ್ಕೊಂದು ಅಂಟಿಕೊಂಡಿದ್ದವು. ಶ್ವಾರ್ಟ್ಸ್ ಕೂಡ ಈ ಎರಡನ್ನು ಒಂದೇ ಹೋಳಿನಲ್ಲಿ ಇಡುತ್ತಾರೆ, ಸಂಪ್ರದಾಯವನ್ನು ವೃತ್ತದ ಹೊರಅಂಚಿಗೆ. ಆ ನಕ್ಷೆ ಪರದೆಯ ಮೇಲೆ ಮೂಡಿದ ಸಂಜೆ ಲ್ಯಾಬಿನಲ್ಲಿ ನಾವಿಬ್ಬರೇ ಇದ್ದೆವು, ಸಂತೋಷಕ್ಕೆ ಹೊರಗೆ ಹೋಗಿ ದೋಸೆ ತಿಂದು ಬಂದೆವು.

ಇನ್ನು ಮಾವನ ಬದನೆಕಾಯಿಯ ಪ್ರಶ್ನೆ. ನಡವಳಿಕೆಯನ್ನು ನಾವು ನೋಡುತ್ತ ಕೂರಲು ಆಗುವುದಿಲ್ಲ. ಬಾರ್ದಿ ಮತ್ತು ಶ್ವಾರ್ಟ್ಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ದಾರಿಯನ್ನೇ ಹಿಡಿದೆವು. ಅವರು ಪ್ರತಿ ಮೌಲ್ಯಕ್ಕೂ ದಿನನಿತ್ಯದ ಕೆಲವು ನಡವಳಿಕೆಗಳನ್ನು ಪಟ್ಟಿ ಮಾಡಿ, ಅವನ್ನು ಎಷ್ಟು ಸಲ ಮಾಡುತ್ತಾರೆ ಎಂದು ಕೇಳಿದ್ದರು. ವ್ಯಕ್ತಿಯನ್ನಷ್ಟೇ ಕೇಳದೆ, ಸಂಗಾತಿಯನ್ನೂ ಗೆಳೆಯರನ್ನೂ ಕೇಳಿದ್ದರು. ಸಂಪ್ರದಾಯ ಮತ್ತು ಹೊಸ ಅನುಭವದ ಹಂಬಲದ ವಿಷಯದಲ್ಲಿ ಮೌಲ್ಯಕ್ಕೂ ನಡವಳಿಕೆಗೂ ಗಟ್ಟಿ ನಂಟು ಸಿಕ್ಕಿತು. ಭದ್ರತೆ, ನಿಯಮಪಾಲನೆ, ಸಾಧನೆ, ತನ್ನವರ ಹಿತ, ಇವುಗಳಲ್ಲಿ ನಂಟು ತೆಳುವಾಗಿತ್ತು. ತನ್ನವರ ಹಿತವೇ ಎಲ್ಲರಿಗೂ ದೊಡ್ಡದು, ಹಾಗಿದ್ದೂ ನಡವಳಿಕೆಯೊಂದಿಗೆ ಅದರ ನಂಟು ಏಕೆ ತೆಳು? ಅವರು ಕೊಟ್ಟ ವಿವರಣೆಯನ್ನು ಓದಿದಾಗ ನಾನು ಪುಟ ಮಗುಚಿಟ್ಟು ಬಹಳ ಹೊತ್ತು ಯೋಚಿಸಿದೆ. ಸಮಾಜ ಯಾವ ನಡತೆಯನ್ನು ಎಲ್ಲರಿಂದಲೂ ಬಯಸುತ್ತದೋ ಅದನ್ನು ಬೇಕೆನಿಸಿದವರೂ ಮಾಡುತ್ತಾರೆ, ಅಷ್ಟೇನೂ ಬೇಕೆನಿಸದವರೂ ಮಾಡುತ್ತಾರೆ. ಎಲ್ಲರೂ ಮಾಡುವ ಕೆಲಸದಿಂದ ಯಾರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದಿಲ್ಲ. ಒತ್ತಾಯ ಸಡಿಲವಿರುವ ಕಡೆಯಲ್ಲೇ ಅವರವರ ಮೌಲ್ಯ ಎದ್ದು ಕಾಣುವುದು.

ನಮ್ಮ ಪಟ್ಟಿಯನ್ನು ಈ ಕಡೆಯ ಬದುಕಿಗೆ ತಕ್ಕಂತೆ ಕಟ್ಟಿದೆವು. ಹಿರಿಯರ ಕಾಲಿಗೆ ಬೀಳುವುದು, ನೆಂಟರ ಮದುವೆಗೆ ಮುಯ್ಯಿ ಮಾಡುವುದು, ಏಕಾದಶಿಯೋ ಸೋಮವಾರವೋ ಉಪವಾಸ ಇರುವುದು, ಸುತ್ತಲಿನವರು ಯಾರೂ ಬೆಳೆಯದ ಬೆಳೆ ಹಾಕುವುದು, ಗೊತ್ತಿಲ್ಲದ ಊರಿಗೆ ಒಬ್ಬರೇ ಹೋಗುವುದು, ಪರಿಚಯವಿಲ್ಲದವರಿಗೆ ರಕ್ತ ಕೊಡುವುದು. ಇದೇ ಪಟ್ಟಿಯನ್ನು ಮನೆಯ ಇನ್ನೊಬ್ಬರ ಬಳಿಯೂ ತುಂಬಿಸಿದೆವು. ಕಾಲಿಗೆ ಬೀಳುವುದರಲ್ಲಿ, ಮುಯ್ಯಿಯಲ್ಲಿ ಊರೆಲ್ಲ ಒಂದೇ. ಮೌಲ್ಯದ ಅಂಕ ಏನೇ ಇರಲಿ, ಮದುವೆಗೆ ಹೋಗಿ ಮುಯ್ಯಿ ಮಾಡದೆ ಬರುವವರಿಲ್ಲ. ಬೆಳೆಯ ಪ್ರಶ್ನೆಯಲ್ಲಿ ಚಿತ್ರ ಬದಲಾಯಿತು. ಕಬ್ಬು ಬಿಟ್ಟು ಹೂವಿಗೆ ಹೋದ ನಡುವಯಸ್ಸಿನ ರೈತರೊಬ್ಬರು ಊರಿನ ಎಲ್ಲರಂತೆಯೇ ಕಾಲಿಗೆ ಬೀಳುತ್ತಾರೆ, ಹಬ್ಬ ಮಾಡುತ್ತಾರೆ. ಆದರೆ ಅವರ ಫಾರಂನಲ್ಲಿ ಸ್ವಂತ ವಿಚಾರ ಎಲ್ಲಕ್ಕಿಂತ ಮೇಲಿತ್ತು. ಅವರ ಹೆಂಡತಿಯೂ ಅದನ್ನೇ ಹೇಳಿದರು: “ಇವರು ಯಾರ್ ಮಾತೂ ಕೇಳಕಿಲ್ಲ, ಆದ್ರೆ ಯಾರ್ ಎದುರೂ ಮಾತಾಡಕಿಲ್ಲ.” ಹಾಗಾದರೆ ಹೇಳುವುದಕ್ಕೂ ಮಾಡುವುದಕ್ಕೂ ನಂಟು ಇದೆ. ಯಾವ ಕೆಲಸದಲ್ಲಿ ಹುಡುಕುತ್ತೇವೆ ಎಂಬುದರ ಮೇಲೆ ಅದು ಸಿಗುವುದೂ ಸಿಗದಿರುವುದೂ ನಿಂತಿದೆ. ಕಾಣದಿದ್ದ ಕಡೆಯೆಲ್ಲ ‘ಬೂಟಾಟಿಕೆ’ ಎಂಬ ತೀರ್ಪು ಕೊಡುವ ನಮ್ಮ ಅಭ್ಯಾಸ ಜನರ ಬಗ್ಗೆ ಅನ್ಯಾಯದ್ದು ಎಂದು ನಾನು ಈಗ ಗಟ್ಟಿಯಾಗಿ ನಂಬುತ್ತೇನೆ.

ಪ್ರಾಜೆಕ್ಟಿನ ಕೊನೆಯ ಭಾಗ ಮೈಸೂರಿನದೇ ಹಳೆಯ ಕೆಲಸವೊಂದರಿಂದ ಬಂತು. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ 1924ರಷ್ಟು ಹಳೆಯದು, ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ತಮ್ಮ ಮನೆಯಿಂದಲೇ ‘ಆಕಾಶವಾಣಿ’ ರೇಡಿಯೋ ಆರಂಭಿಸಿದವರೆಂದು ಅವರ ಹೆಸರು ಹೆಚ್ಚು ಜನಕ್ಕೆ ಗೊತ್ತು. ನಾನು ಹೇಳಹೊರಟದ್ದು ಅಲ್ಲಿಂದ 60 ವರ್ಷದ ನಂತರದ್ದು. ಅಮೆರಿಕದ ಜೋನ್ ಮಿಲ್ಲರ್ ಮೈಸೂರಿನ ಮತ್ತು ಷಿಕಾಗೋದ ಜನರನ್ನು ಹೋಲಿಸಿದ ಅಧ್ಯಯನವನ್ನು 1984ರಲ್ಲಿ ಪ್ರಕಟಿಸಿದರು. ನಿಮಗೆ ಗೊತ್ತಿರುವವರು ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಅವರು ಹಾಗೇಕೆ ಮಾಡಿದರು ಎಂದು ಹೇಳಿ ಎಂಬುದು ಅವರ ಪ್ರಶ್ನೆ. ಷಿಕಾಗೋದ ದೊಡ್ಡವರು ಹೆಚ್ಚಾಗಿ ಆ ಮನುಷ್ಯನ ಸ್ವಭಾವ ಹೇಳಿದರು. ಮೈಸೂರಿನ ದೊಡ್ಡವರು ಹೆಚ್ಚಾಗಿ ಸನ್ನಿವೇಶವನ್ನೂ ಸಂಬಂಧವನ್ನೂ ಹೇಳಿದರು. ಎಂಟು ವರ್ಷದ ಮಕ್ಕಳಲ್ಲಿ ಎರಡೂ ಊರಿನವರ ಉತ್ತರ ಹೆಚ್ಚುಕಡಿಮೆ ಒಂದೇ ಆಗಿತ್ತು, ವಯಸ್ಸು ಏರಿದಂತೆ ದಾರಿ ಬೇರೆಯಾಯಿತು. ಅಂದರೆ ಹೀಗೆ ನೋಡುವುದನ್ನು ನಾವು ಹುಟ್ಟಿನಿಂದ ತರುವುದಿಲ್ಲ, ಬೆಳೆಯುತ್ತ ಕಲಿಯುತ್ತೇವೆ.

ನಮ್ಮ ಸಂದರ್ಶನದ ಕೊನೆಗೂ ಇದೇ ಪ್ರಶ್ನೆ ಇಟ್ಟೆವು. ಕಾರ್ಡು ಮಡಿಸಿಟ್ಟು ಕತೆ ಕೇಳಲು ಶುರುಮಾಡಿದೊಡನೆ ಜನರ ಮುಖವೇ ಬೇರೆಯಾಗುತ್ತಿತ್ತು. ಒಂದೇ ಊರಿನ ಮೂರ್ನಾಲ್ಕು ಮನೆಗಳಲ್ಲಿ ಒಂದೇ ಕತೆ ಬಂತು. ಸಂಘದ ಹಣ ನೋಡಿಕೊಳ್ಳುತ್ತಿದ್ದ ಹುಡುಗನೊಬ್ಬ ಅದನ್ನು ತಂಗಿಯ ಮದುವೆಗೆ ಖರ್ಚು ಮಾಡಿ, ಆಮೇಲೆ ವರ್ಷಗಟ್ಟಲೆ ಕೂಲಿ ಮಾಡಿ ಕಟ್ಟಿದ್ದ. “ಕಳ್ಳ ಅಲ್ಲ ಅವನು. ಅಪ್ಪ ಇಲ್ಲ, ಮದುವೆ ತಲೆ ಮೇಲೆ ಬಂದಿತ್ತು, ಗಂಡಿನ ಕಡೆಯೋರು ಒಪ್ಪಲಿಲ್ಲ.” ಹಣ ಕಳೆದುಕೊಳ್ಳಬಹುದಾಗಿದ್ದ ಹೆಂಗಸರ ಬಾಯಿಂದಲೇ ಈ ಮಾತು. ತಪ್ಪಲ್ಲ ಎಂದು ಅವರು ಅನ್ನಲಿಲ್ಲ. ತಪ್ಪು ಎಂದರು, ಅವನನ್ನೇ ಹೊಣೆ ಮಾಡಿದರು, ಕಟ್ಟಿಸಿಕೊಂಡರು. ಆದರೆ ಅವನ ಸ್ವಭಾವದ ಮೇಲೆ ಮೊಹರು ಒತ್ತಲಿಲ್ಲ. ಇಪ್ಪತ್ತೊಂದು ಚಿತ್ರಣ ಸೇರಿ ಹೇಳದ ಒಂದು ಸಂಗತಿ ಆ ಒಂದು ಕತೆಯಲ್ಲಿತ್ತು: ಎರಡು ಒಳ್ಳೆಯವು ಡಿಕ್ಕಿ ಹೊಡೆದಾಗ ಇವರು ಯಾವುದಕ್ಕೆ ಎಷ್ಟು ದೂರ ದಾರಿ ಬಿಡುತ್ತಾರೆ ಎಂಬುದು.

ವರದಿ ಸಲ್ಲಿಸುವ ಮುಂಚೆ ಊರಿಗೆ ಹೋಗಿ, ಯಾರ ಹೆಸರೂ ಬರದ ಹಾಗೆ, ಕಂಡದ್ದನ್ನು ಸಮುದಾಯ ಭವನದಲ್ಲಿ ಹೇಳಿದೆವು. ಉತ್ತರ ಕೊಟ್ಟವರಿಗೆ ಉತ್ತರದ ಫಲ ತಿಳಿಯಬೇಕು. ಇದು ನಮ್ಮ ಕಡೆಯ ಸಂಶೋಧನೆಯಲ್ಲಿ ಇನ್ನೂ ಕಡ್ಡಾಯವೇನೂ ಆಗಿಲ್ಲ, ಆಗಬೇಕು. ಒತ್ತಾಯವಿಲ್ಲದ ಕಡೆ ಮೌಲ್ಯ ಎದ್ದು ಕಾಣುತ್ತದೆ ಎಂದು ನಾನು ವಿವರಿಸಿದಾಗ, ವಯಸ್ಸಾದ ಅತ್ತೆಯನ್ನು ನೋಡಿಕೊಳ್ಳುತ್ತಿರುವ ಒಬ್ಬರು ಎದ್ದು ನಿಂತರು. “ಹಂಗಾದ್ರೆ ನಾನು ಅತ್ತೆಗೆ ಮಾಡ್ತಿರೋದು ಊರಿನ ಭಯಕ್ಕಾ? ನಾನಾಗಿ ನಾನು ಮಾಡ್ತಿಲ್ಲ ಅಂತಾನಾ ನಿಮ್ ಲೆಕ್ಕ?”

ಈ ಪ್ರಶ್ನೆಗೆ ಸಿದ್ಧಾಂತದ ಒಂದು ಮೂಲೆ ಅಲುಗಾಡುತ್ತದೆ. ಅವರಿಗೆ ನಾನು ಕೊಟ್ಟ ಉತ್ತರ ಮಿಲ್ಲರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಕೆಲಸದಿಂದ ತೆಗೆದದ್ದು. ಮನೆಯವರಿಗೆ, ಗೆಳೆಯರಿಗೆ ನೆರವಾಗಬೇಕು ಎಂಬ ನಿರೀಕ್ಷೆ ಬಲವಾಗಿದ್ದಾಗಲೂ ಭಾರತೀಯರು ಆ ಕೆಲಸವನ್ನು ತಮ್ಮದೇ ಆಯ್ಕೆಯೆಂದು ಕಂಡರು, ಅದರಲ್ಲಿ ತೃಪ್ತಿಪಟ್ಟರು. ಅಮೆರಿಕನ್ನರಲ್ಲಿ ಆ ನಂಟು ಹಾಗಿರಲಿಲ್ಲ. ಕರ್ತವ್ಯ ಮತ್ತು ಇಚ್ಛೆ ಒಂದನ್ನೊಂದು ತಳ್ಳಲೇಬೇಕೆಂದಿಲ್ಲ. ಆ ಹೆಂಗಸು ಕೇಳಿಸಿಕೊಂಡು, “ಅದನ್ನೂ ಬರ್ಕೊಳಿ ಮತ್ತೆ” ಅಂದರು. ಬರೆದುಕೊಂಡೆವು. ಮುಂದಿನ ಸುತ್ತಿನ ಫಾರಂನಲ್ಲಿ ಪ್ರತಿ ನಡವಳಿಕೆಯ ಎದುರಿಗೂ ಈಗ ಎರಡು ಹೊಸ ಕಾಲಂಗಳಿವೆ: ಮಾಡದೇ ಹೋಗಿದ್ದರೆ ಯಾರು ಏನೆನ್ನುತ್ತಿದ್ದರು, ಮಾಡಿದಾಗ ನಿಮಗೆ ಹೇಗೆನ್ನಿಸಿತು.